ಗಂಟೆಯ ಲೆಕ್ಕವಿಲ್ಲದ ಜಾಗಗಳು

ದಾವಣಗೆರೆಯಲ್ಲಿ ಈಗ ಗಂಟೆಗೆ ಇಷ್ಟು ಎಂದು ದುಡ್ಡು ಪಡೆದು ಮಕ್ಕಳನ್ನು ಆಡಲು ಬಿಡುವ ಪ್ಲೇ ಏರಿಯಾಗಳು ಬಂದಿವೆ. ಬಾಗಿಲಲ್ಲೇ ಮಗುವಿನ ಮಣಿಕಟ್ಟಿಗೆ ಕಾಗದದ ಪಟ್ಟಿ ಸುತ್ತಿ ಅದರ ಮೇಲೆ ಒಳಹೊಕ್ಕ ಸಮಯವನ್ನು ಬರೆಯುತ್ತಾರೆ. ಸಾಕ್ಸ್ ಇಲ್ಲದೆ ಬಂದವರು ಅಲ್ಲಿಯೇ ಒಂದು ಜೊತೆ ಕೊಳ್ಳಬೇಕಾಗುತ್ತದೆ. ಬಂಧುಗಳ ಮನೆಯ ಮಗುವಿನ ಹುಟ್ಟುಹಬ್ಬಕ್ಕೆಂದು ಅಂಥದೊಂದು ಜಾಗಕ್ಕೆ ಹೋಗಿದ್ದಾಗ ಕಂಡದ್ದು ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಬಣ್ಣಬಣ್ಣದ ಚೆಂಡುಗಳು ತುಂಬಿದ ತೊಟ್ಟಿಯೊಳಗೆ ಮೂರು ವರ್ಷದ ಆಸುಪಾಸಿನ ಒಂದು ಹುಡುಗಿ ಕುಳಿತು ನೀಲಿ ಚೆಂಡುಗಳನ್ನು ಮಾತ್ರ ಹೆಕ್ಕಿ ಮಡಿಲಿಗೆ ತುಂಬಿಕೊಳ್ಳುತ್ತಿದ್ದಳು. ಬಲೆಯ ಹೊರಗೆ ನಿಂತಿದ್ದ ಅವಳ ತಂದೆ, "ಅಲ್ಲೇ ಕುಂತ್ರೆ ಹೆಂಗೆ ಪುಟ್ಟಿ, ಜಾರುಬಂಡಿ ಹತ್ತು, ಆ ಕಡೆ ಕುಣಿಯೋದು ಐತೆ ನೋಡು, ಇನ್ನು ಹತ್ತೇ ನಿಮಿಷ" ಎಂದು ಮತ್ತೆ ಮತ್ತೆ ಕೂಗುತ್ತಿದ್ದರು. ಮಗು ಒಮ್ಮೆ ತಲೆಯೆತ್ತಿ ಅಪ್ಪನನ್ನು ನೋಡಿ ನಕ್ಕು, ಮತ್ತೆ ನೀಲಿ ಚೆಂಡಿಗೆ ಕೈ ಹಾಕಿತು.

ಆ ತಂದೆಯಲ್ಲಿ ದುರಾಸೆಯೇನೂ ಇರಲಿಲ್ಲ. ಸಂಬಳದಲ್ಲಿ ಎತ್ತಿಟ್ಟ ದುಡ್ಡಿನಿಂದ ಮಗಳಿಗೆ ಅಲ್ಲಿರುವುದೆಲ್ಲವೂ ದಕ್ಕಲಿ ಎಂಬ ಪ್ರೀತಿಯೇ ಅವರನ್ನು ಹಾಗೆ ಆಡಿಸುತ್ತಿತ್ತು. ಕಾಸಿಗೆ ತಕ್ಕ ಕಜ್ಜಾಯ ಬೇಕೆನ್ನುವುದು ದೊಡ್ಡವರ ನ್ಯಾಯ, ಮತ್ತು ಅದು ಸಂತೆಯಲ್ಲಿ ಸರಿಯಾದ ನ್ಯಾಯವೂ ಹೌದು. ಆದರೆ ಮಗುವಿಗೆ ಕಾಸೂ ಗೊತ್ತಿಲ್ಲ, ಗಂಟೆಯೂ ಗೊತ್ತಿಲ್ಲ. ಅದಕ್ಕೆ ಆ ಹೊತ್ತಿಗೆ ಬೇಕಿದ್ದದ್ದು ನೀಲಿ ಚೆಂಡುಗಳು ಮಾತ್ರ, ಮತ್ತು ಅವು ಅದಕ್ಕೆ ಸಿಕ್ಕಿದ್ದವು. ಹೊತ್ತಿಗೆ ಬೆಲೆ ಕಟ್ಟಿದ ಕೂಡಲೇ ಮಗುವಿನ ಸಂತೋಷವನ್ನು ಅಳೆದು ನೋಡುವ ಕೆಲಸ ಹೆತ್ತವರ ಹೆಗಲೇರುತ್ತದೆ ಎಂದು ನನಗೆ ಅಂದು ತೋರಿತು. ಆಮೇಲೆ ನಮ್ಮ ಮನೆಯ ಭಾನುವಾರಗಳನ್ನು ನೆನೆಯುತ್ತ ಹೋದಂತೆ, ನಮ್ಮ ಮಕ್ಕಳು ಹೆಚ್ಚು ಕಾಲ ಮೈಮರೆತು ಇದ್ದದ್ದು ದುಡ್ಡು ಅತ್ಯಂತ ಕಡಿಮೆ ಖರ್ಚಾದ ಜಾಗಗಳಲ್ಲಿಯೇ ಎಂಬುದು ಸ್ಪಷ್ಟವಾಗುತ್ತ ಬಂತು. ಅದು ಕಾಕತಾಳೀಯವಲ್ಲ ಎಂದು ಈಗ ನಂಬಿದ್ದೇನೆ.

ನಮ್ಮದು ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ, ನಾನು, ನನ್ನ ಯಜಮಾನರು ಮತ್ತು ಅತ್ತೆ ಇರುವ ಮನೆ. ಕಾರಿಲ್ಲ. ಸ್ಕೂಟರಿನ ಮೇಲೆ ಐದು ಜನ ಹೋಗುವಂತಿಲ್ಲ. ಆದ್ದರಿಂದ ನಮ್ಮ ತಿರುಗಾಟವೆಂದರೆ ಬಸ್ಸು ಅಥವಾ ರೈಲು, ಒಂದು ಬುತ್ತಿಯ ಚೀಲ, ಮತ್ತು ಅದೇ ದಿನ ಕತ್ತಲಾಗುವ ಮೊದಲು ಮನೆ.

ಕೆಂಪು ಬಸ್ಸು ಮತ್ತು ಅತ್ತೆ

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ಅದರ ಬಗ್ಗೆ ಎಲ್ಲರೂ ಕೆಲಸಕ್ಕೆ ಹೋಗುವ ಹೆಂಗಸರನ್ನು, ಧರ್ಮಸ್ಥಳಕ್ಕೆ ಹೋಗುವ ಹೆಂಗಸರನ್ನು ಕುರಿತೇ ಹೆಚ್ಚು ಮಾತನಾಡಿದರು. ಮಕ್ಕಳನ್ನು ಕರೆದುಕೊಂಡು ಒಂದು ದಿನದ ಮಟ್ಟಿಗೆ ಊರಾಚೆ ಹೋಗಿಬರುವ ಮನೆಗಳಲ್ಲಿ ಅದು ಏನನ್ನು ಬದಲಾಯಿಸಿತು ಎಂಬುದರ ಬಗ್ಗೆ ಯಾರೂ ಹೆಚ್ಚು ಬರೆದದ್ದನ್ನು ನಾನು ನೋಡಲಿಲ್ಲ. ನಮ್ಮ ಲೆಕ್ಕ ಹೀಗಿದೆ: ಅತ್ತೆಗೂ ನನಗೂ ಮಗಳಿಗೂ ಸೊನ್ನೆ ರೂಪಾಯಿಯ ಟಿಕೆಟ್, ಮಗನಿಗೆ ಇನ್ನೂ ಆರು ತುಂಬಿಲ್ಲವಾದ್ದರಿಂದ ಅವನಿಗೂ ಟಿಕೆಟ್ ಇಲ್ಲ, ದುಡ್ಡು ಕೊಡುವವರು ಯಜಮಾನರು ಒಬ್ಬರೇ. 2025ರ ಜನವರಿಯಲ್ಲಿ ಬಸ್ ದರ ಶೇಕಡಾ 15ರಷ್ಟು ಏರಿದಾಗಲೂ ನಮ್ಮ ಮನೆಯಲ್ಲಿ ಆ ಏರಿಕೆ ತಾಗಿದ್ದು ಅವರೊಬ್ಬರಿಗೆ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಖಾಸಗಿ ಬಸ್ಸುಗಳೂ ಓಡುತ್ತವೆ, ಅವುಗಳಲ್ಲಿ ಈ ಸೌಲಭ್ಯವಿಲ್ಲ. ಆದ್ದರಿಂದ ಕೆಂಪು ಬಸ್ಸು ಬರುವ ತನಕ ಕಾಯುತ್ತೇವೆ. ಕಾಯುವುದೂ ಮಕ್ಕಳಿಗೆ ಬೇಸರದ ಕೆಲಸವಲ್ಲ. ಬಸ್ ನಿಲ್ದಾಣದಲ್ಲಿ ಬೋರ್ಡುಗಳನ್ನು ಕೂಡಿಸಿ ಓದುವುದನ್ನು ಮಗಳು ಕಲಿತದ್ದೇ ಹಾಗೆ ಕಾದ ಹೊತ್ತಿನಲ್ಲಿ.

ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಅತ್ತೆಯದು. ಮೊದಲು ಎಲ್ಲಿಗೆ ಕರೆದರೂ "ನಾನ್ಯಾಕೆ ಬರ್ಲವ್ವ, ಸುಮ್ನೆ ಟಿಕೆಟ್ ದಂಡ, ನೀವು ಹೋಗ್ ಬರ್ರಿ, ನಾನು ಮನೆ ಕಾಯ್ತೀನಿ" ಎನ್ನುತ್ತಿದ್ದರು. ಆ ಮಾತಿನ ಹಿಂದೆ ಇದ್ದದ್ದು ನಿರಾಸಕ್ತಿಯಲ್ಲ, ಮಗನ ಜೇಬಿನ ಮೇಲಿನ ಕಾಳಜಿ. ಈಗ ಆಧಾರ್ ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮೆಲ್ಲರಿಗಿಂತ ಮೊದಲು ಸಿದ್ಧರಾಗಿರುತ್ತಾರೆ. ಚಿಕ್ಕ ಮಕ್ಕಳೊಡನೆ ಹೊರಟವರಿಗೆ ಜೊತೆಯಲ್ಲಿ ಇನ್ನೊಬ್ಬ ದೊಡ್ಡವರಿರುವುದರ ಬೆಲೆ ಏನೆಂದು ಗೊತ್ತಿರುತ್ತದೆ. ಇಬ್ಬರು ಮಕ್ಕಳ ನಡಿಗೆ ಎಂದೂ ಒಂದೇ ವೇಗದ್ದಲ್ಲ. ಒಬ್ಬಳು ಮುಂದೆ ಓಡಿರುತ್ತಾಳೆ, ಇನ್ನೊಬ್ಬ ಹಿಂದೆ ಯಾವುದೋ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಿರುತ್ತಾನೆ. ಹಿಂದೆ ಉಳಿದವನನ್ನು ಎಳೆದುಕೊಂಡು ಹೋಗದೆ ಅವನ ಪಕ್ಕದಲ್ಲೇ ಕುಳಿತುಕೊಳ್ಳುವ ಜೀವ ಒಂದಿದ್ದರೆ ಇಡೀ ದಿನದ ಸ್ವರೂಪವೇ ಬೇರೆಯಾಗುತ್ತದೆ.

ಬಂಡೆಯ ಮೇಲಿನ ಗುಳಿಗಳು

ಚಿತ್ರದುರ್ಗದ ಕೋಟೆಗೆ ಭಾರತೀಯರಿಗೆ ಪ್ರವೇಶ ದರ 25 ರೂಪಾಯಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಉಚಿತ. ಮಕ್ಕಳಿಲ್ಲದೆ ಹೋದವರು ಅಲ್ಲಿ ನೋಡುವ ಕ್ರಮ ನಮಗೆಲ್ಲ ತಿಳಿದದ್ದೇ: ಬಾಗಿಲುಗಳನ್ನು ಒಂದೊಂದಾಗಿ ದಾಟುವುದು, ಮದ್ದು ಬೀಸುವ ಕಲ್ಲುಗಳನ್ನು ಇಣುಕಿ ನೋಡುವುದು, ಏಕನಾಥೇಶ್ವರಿ, ಹಿಡಿಂಬೇಶ್ವರ, ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ನಡುವೆ ಎಲ್ಲಾದರೊಂದು ಕಡೆ ಓಬವ್ವನ ಕಿಂಡಿ. ಕಳೆದ ಚಳಿಗಾಲದಲ್ಲಿ ನಾವು ಹೋದಾಗ ಯಜಮಾನರ ಮನಸ್ಸಿನಲ್ಲಿದ್ದದ್ದೂ ಅದೇ ಕ್ರಮ. ಬೆಳಗಿನ ಮೊದಲ ಹೊತ್ತಿನಲ್ಲೇ ಮೇಲೆ ಸೇರಿದ್ದೆವು. ಆ ಬಂಡೆಗಳು ಹನ್ನೊಂದರ ಮೇಲೆ ಕಾಯಲು ತೊಡಗಿದರೆ ಚಿಕ್ಕ ಮಕ್ಕಳ ಕಾಲು ತಡೆಯುವುದಿಲ್ಲ.

ಒಳಗೆ ಹೋಗಿ ಇನ್ನೂ ಹೆಚ್ಚು ನಡೆದಿರಲಿಲ್ಲ, ಮಗ ನಿಂತುಬಿಟ್ಟ. ದಾರಿಯ ಬದಿಯ ಬಂಡೆಯೊಂದರ ಮೇಲೆ ಸಾಲಾಗಿ ಉಳಿಯಿಂದ ತೋಡಿದ ಗುಳಿಗಳಿದ್ದವು. ಕೋಟೆಯ ತುಂಬ ಅಂಥ ಸಾಲುಗಳಿವೆ. ಬಂಡೆಯನ್ನು ಬೇಕಾದ ಅಳತೆಗೆ ಸೀಳಲು ಕಲ್ಲುಕುಟಿಗರು ನೇರವಾದ ಗೆರೆಯಲ್ಲಿ ಗುಳಿ ತೋಡಿ, ಅವುಗಳಲ್ಲಿ ಮೊಳೆಯಿಟ್ಟು ಹೊಡೆಯುತ್ತಿದ್ದರು. ಸೀಳಿದ ಕಲ್ಲಿನ ಅಂಚಿನಲ್ಲಿ ಅರ್ಧ ಗುಳಿಗಳು ಹಲ್ಲಿನ ಸಾಲಿನಂತೆ ಉಳಿಯುತ್ತವೆ. ಅವನು ಕಂಡದ್ದು ಸೀಳದೆ ಹಾಗೆಯೇ ಬಿಟ್ಟಿದ್ದ ಸಾಲು. ಅವನ ನಾಲ್ಕು ಬೆರಳುಗಳು ಒಟ್ಟಿಗೆ ಒಳಗಿಳಿಯುವಷ್ಟು ಉದ್ದ, ಎರಡು ಗೆಣ್ಣಿನಷ್ಟು ಆಳ, ಒಳಮೈ ಹೊರಗಿನ ಬಂಡೆಗಿಂತ ನುಣುಪು. ಒಂದೊಂದರಲ್ಲಿ ಒಂದೊಂದು ವಸ್ತು: ಒಂದರಲ್ಲಿ ಒಣಗಿದ ಎಲೆ, ಒಂದರಲ್ಲಿ ಹಿಕ್ಕೆ, ಒಂದರಲ್ಲಿ ಯಾರೋ ಹಾಕಿಹೋದ ಬಾಟಲಿಯ ಮುಚ್ಚಳ, ಒಂದರಲ್ಲಿ ಇಬ್ಬನಿಯ ನೀರು ನಿಂತು ಅದರ ಅಂಚಿಗೆ ಇರುವೆಗಳು. ಅವನು ಮೊದಲು ಎಲ್ಲವನ್ನೂ ಖಾಲಿ ಮಾಡಿದ. ನೀರಿದ್ದ ಗುಳಿಯನ್ನು ಮಾತ್ರ ಮುಟ್ಟಲಿಲ್ಲ. ಆಮೇಲೆ ಸುತ್ತಲಿನ ಸಣ್ಣ ಕಲ್ಲುಗಳನ್ನು ಆರಿಸಿ ತಂದು ಒಂದೊಂದು ಗುಳಿಗೂ ತುಂಬತೊಡಗಿದ. ಅತ್ತೆ ಸೆರಗನ್ನು ತಲೆಗೆ ಎಳೆದುಕೊಂಡು ಪಕ್ಕದಲ್ಲೇ ಕುಳಿತರು.

ನಾವು ಮುಂದೆ ಹೋಗಿ ತಿರುಗಿ ಬಂದರೂ ಆಟ ಮುಗಿದಿರಲಿಲ್ಲ. ಅಷ್ಟರಲ್ಲಿ ಮಗಳಿಗೂ ಕುತೂಹಲ ಹುಟ್ಟಿ, ಈ ಗುಳಿಗಳು ಏಕೆ ಇಷ್ಟು ನೇರವಾಗಿವೆ ಎಂದು ಕೇಳಿದಳು. ಯಜಮಾನರು ಕಲ್ಲು ಸೀಳುವ ಬಗೆಯನ್ನು ಹೇಳಿದರು. "ಮತ್ತೆ ಇದನ್ಯಾಕೆ ಒಡೀಲಿಲ್ಲ ಅಪ್ಪಾಜಿ? ಇಷ್ಟೆಲ್ಲ ತೂತು ಮಾಡಿ ಸುಮ್ನೆ ಬಿಟ್ಟವ್ರಲ್ಲ?" ಎಂದಳು. ಅವರ ಬಳಿ ಉತ್ತರವಿರಲಿಲ್ಲ. ಉತ್ತರ ಬಂದದ್ದು ಅತ್ತೆಯಿಂದ. ಅವರ ತವರೂರಿನ ಹೊರಗೆ ಕಲ್ಲುಬಂಡೆಯ ಕೆಲಸವಿತ್ತಂತೆ. ಚಿಕ್ಕವರಿದ್ದಾಗ ತಮ್ಮನ ಜೊತೆ ಅಲ್ಲಿಗೆ ಮಜ್ಜಿಗೆ ಕೊಡಲು ಹೋಗುತ್ತಿದ್ದರಂತೆ. "ಕಲ್ಲಿಗೂ ಒಳಗೆ ಒಂದು ಗೆರೆ ಇರ್ತೈತೆ ಮಗ. ಹೊಡೆಯೋನು ಸುತ್ತಿಗೆ ಇಟ್ಟು ಮೊದ್ಲು ಕುಟ್ಟಿ ಕೇಳ್ತಾನೆ. ಗಣ್ ಅಂದ್ರೆ ಕಲ್ಲು ಗಟ್ಟಿ, ಬದ್ದ ಅಂದ್ರೆ ಒಳಗೆ ಬಿರುಕು ಐತೆ ಅಂತ. ಇದು ಬದ್ದ ಅಂದಿರ್ಬೇಕು, ಅದಕ್ಕೆ ಕೈ ಬಿಟ್ಟಿರ್ತಾರೆ." ಮಗಳು ಕೂಡಲೇ ಒಂದು ಕಲ್ಲನ್ನು ಎತ್ತಿಕೊಂಡು ಬಂಡೆಯನ್ನು ಅಲ್ಲಲ್ಲಿ ಕುಟ್ಟಿ, ಕಿವಿಗೊಟ್ಟು ಕೇಳತೊಡಗಿದಳು. ಈ ಮನೆಗೆ ಬಂದು ಇಷ್ಟು ವರ್ಷಗಳಾದರೂ ಅತ್ತೆಯ ಬಾಯಿಂದ ಆ ಕಲ್ಲುಬಂಡೆಯ ವಿಷಯವನ್ನು ನಾನು ಕೇಳಿರಲಿಲ್ಲ; ಯಜಮಾನರೂ ಕೇಳಿರಲಿಲ್ಲ. ಮುಂದಿನ ಜಾಗಕ್ಕೆ ಓಡುವ ಆತುರವಿದ್ದಿದ್ದರೆ ಆ ಮಾತು ಅವರ ಬಾಯಿಗೆ ಬರುತ್ತಲೂ ಇರಲಿಲ್ಲ.

ಅಂದು ನಾವು ನೋಡಿದ ಇನ್ನೊಂದು ಜಾಗ ಓಬವ್ವನ ಕಿಂಡಿ. ಮಗಳಿಗೆ ಕಥೆ ಗೊತ್ತಿತ್ತು. ಗಂಡ ಊಟಕ್ಕೆ ಕುಳಿತಿದ್ದಾಗ ನೀರು ತರಲು ಹೋದವಳು ಕಿಂಡಿಯ ಕಡೆಯಿಂದ ಸದ್ದು ಕೇಳಿ, ಒಬ್ಬೊಬ್ಬರಾಗಿ ತಲೆ ತೂರಿಸುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಹೊಡೆದ ಕಥೆಯನ್ನು ಈ ಸೀಮೆಯ ಮಕ್ಕಳು ಶಾಲೆಗೆ ಹೋಗುವ ಮೊದಲೇ ಕೇಳಿರುತ್ತಾರೆ. ಆದರೆ ಕಿಂಡಿಯೊಳಗೆ ಸ್ವತಃ ನುಸುಳಿದಾಗ, ಎರಡೂ ಕಡೆಯ ಬಂಡೆ ಹೆಗಲಿಗೆ ತಾಗಿದಾಗ, ಆ ಕಥೆ ಮೈಗೆ ತಿಳಿಯುವ ಬಗೆಯೇ ಬೇರೆ. "ದೊಡ್ಡೋರು ಬಂದ್ರೆ ಬಗ್ಗಲೇಬೇಕು ಅಲ್ವೇನಮ್ಮ, ಅದಕ್ಕೇ ಅವಳಿಗೆ ಹೊಡೆಯಾಕೆ ಆಯ್ತು" ಎಂದು ತಾನೇ ಕಂಡುಕೊಂಡಳು. ಹತ್ತಿರದ ತಣ್ಣೀರು ದೋಣಿಯ ನೀರನ್ನು ನೋಡಿದ ಮೇಲೆ ಅವಳ ಮುಂದಿನ ಪ್ರಶ್ನೆ, ಓಬವ್ವನ ಗಂಡ ಊಟ ಮುಗಿಸಿದ್ದನೋ ಇಲ್ಲವೋ ಎಂಬುದು. 1779ರಲ್ಲಿ ಕೋಟೆ ಹೈದರಾಲಿಯ ವಶವಾದದ್ದು, ಮದಕರಿ ನಾಯಕ ಸೆರೆಯಾದದ್ದು ಇವುಗಳನ್ನು ಹೇಳುವ ವಯಸ್ಸು ಅವಳಿಗೆ ಇನ್ನೂ ಬಂದಿಲ್ಲವೆಂದು ನಾನು ಅಲ್ಲಿಗೇ ಬಿಟ್ಟೆ. ಹಿಡಿಂಬೇಶ್ವರದ ತನಕ ನಾವು ಹತ್ತಲೇ ಇಲ್ಲ. ಕೆಳಗಿಳಿದು ನೆರಳು ನೋಡಿ ಬುತ್ತಿ ಬಿಚ್ಚಿದೆವು. ಕೋಟೆಯೊಳಗೆ ತಿಂಡಿಯ ಚೀಲ ಕೈಯಲ್ಲಿ ಹಿಡಿದು ನಡೆದರೆ ಕೋತಿಗಳು ಬಿಡುವುದಿಲ್ಲ. ಮಕ್ಕಳ ಕೈಗಂತೂ ಬಿಸ್ಕತ್ತಿನ ಪೊಟ್ಟಣ ಕೊಡಲೇಬಾರದು. ಮೊಸರನ್ನ, ಚಪಾತಿ, ಶೇಂಗಾ ಚಟ್ನಿಪುಡಿ, ಮತ್ತು ಖಾರವಿಲ್ಲದೆ ಪುಟಾಣಿ ಹಾಕಿ ಒಗ್ಗರಿಸಿದ ಮಂಡಕ್ಕಿ ಇದ್ದವು. ದಾವಣಗೆರೆಯವರಿಗೆ ಮಂಡಕ್ಕಿಯಿಲ್ಲದ ಪ್ರಯಾಣವಿಲ್ಲ. ಹಗುರ, ಅಗ್ಗ, ಸಂಜೆಯ ತನಕ ಕೆಡುವುದಿಲ್ಲ.

"ಅರ್ಧ ಕೋಟೆಯನ್ನೂ ನೋಡಲಿಲ್ಲವಲ್ಲ" ಎಂದು ಆಮೇಲೆ ಮನೆಗೆ ಬಂದ ನೆಂಟರೊಬ್ಬರು ಮರುಗಿದರು. ಕೋಟೆ ಎಲ್ಲಿಗೂ ಹೋಗುವುದಿಲ್ಲ. ಬಸ್ಸಿಗೆ ಒಂದೂವರೆ ಗಂಟೆಯ ಒಳಗಿನ ದಾರಿ, ದೊಡ್ಡವರಿಬ್ಬರಿಗೋ ಮೂವರಿಗೋ 25 ರೂಪಾಯಿಯಂತೆ ಟಿಕೆಟ್. ಮತ್ತೆ ಹೋಗಬಹುದಾದ ಜಾಗವನ್ನು ಒಂದೇ ದಿನದಲ್ಲಿ ಮುಗಿಸಬೇಕಾದ ಅಗತ್ಯವಿಲ್ಲ. ಅಗ್ಗದ ತಿರುಗಾಟ ನಮಗೆ ಕೊಡುವ ದೊಡ್ಡ ಅನುಕೂಲ ಇದೇ ಎಂದು ನನಗನಿಸುತ್ತದೆ: ಅರ್ಧಕ್ಕೇ ಬಿಟ್ಟು ಬರುವ ಸ್ವಾತಂತ್ರ್ಯ. ಸಾವಿರಾರು ರೂಪಾಯಿ ಕೊಟ್ಟು ಹೋದ ಜಾಗದಲ್ಲಿ ಮಗು ಒಂದು ಕಲ್ಲಿನ ಮುಂದೆ ಅರ್ಧ ದಿನ ಕುಳಿತರೆ ಎಷ್ಟೇ ತಾಳ್ಮೆಯ ತಾಯಿಗೂ ಒಳಗೊಳಗೆ ಕಸಿವಿಸಿಯಾಗುತ್ತದೆ.

ಹತ್ತು ರೂಪಾಯಿಯ ರೈಲು

ಎಲ್ಲ ಭಾನುವಾರವೂ ಚಿತ್ರದುರ್ಗದಷ್ಟು ದೂರ ಹೋಗಲಾಗುವುದಿಲ್ಲ. ಮಗನಿಗೆ ರೈಲು ಬೇಕೆಂದಾಗ ನಾವು ಹರಿಹರಕ್ಕೆ ಹೋಗುತ್ತೇವೆ. 14 ಕಿಲೋಮೀಟರ್ ದಾರಿ. ಪ್ಯಾಸೆಂಜರ್ ರೈಲಿನ ಕನಿಷ್ಠ ದರ 10 ರೂಪಾಯಿ. ಐದು ವರ್ಷದೊಳಗಿನ ಮಗನಿಗೆ ಟಿಕೆಟ್ಟೇ ಇಲ್ಲ. ಕಿಟಕಿಯ ಪಕ್ಕ ಕುಳಿತು ಗದ್ದೆ, ಮೆಕ್ಕೆಜೋಳದ ಹೊಲ, ಗೇಟಿನಲ್ಲಿ ನಿಂತ ಬೈಕುಗಳು ಇವುಗಳನ್ನು ನೋಡಿ ಮುಗಿಸುವಷ್ಟರಲ್ಲಿ ಇಳಿಯುವ ಊರು ಬಂದಿರುತ್ತದೆ. ಚಿಕ್ಕ ಮಕ್ಕಳಿಗೆ ರೈಲು ಬೇಸರವಾಗುವ ಮೊದಲೇ ಇಳಿಯುವುದು ಒಳ್ಳೆಯದು. ಹರಿಹರೇಶ್ವರ ದೇವಸ್ಥಾನವನ್ನು 1224ರಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ನಮ್ಮ ಮಕ್ಕಳಿಗೆ ಅದು ಕಂಬಗಳ ಮನೆ. ತಿರುಗಣೆಗೆ ಹಿಡಿದು ಕಡೆದಂತಿರುವ ಆ ದುಂಡು ಕಂಬಗಳ ಸುತ್ತ ಕೈಯಾಡಿಸುತ್ತ ಒಂದರಿಂದ ಇನ್ನೊಂದಕ್ಕೆ ಹೋಗುವುದೇ ಅವರ ಆಟ. ತೆರೆದ ಮಂಟಪದ ಕಲ್ಲು ಜಗಲಿಯ ಮೇಲೆ ಬೇಸಿಗೆಯಲ್ಲೂ ತಂಪು. ಅರ್ಧ ಶಿವ, ಅರ್ಧ ವಿಷ್ಣುವಾದ ಮೂರ್ತಿಯ ಮುಂದೆ ಮಗಳು ಎಡಗೈಯಿಂದ ಒಂದು ಕಣ್ಣು, ಬಲಗೈಯಿಂದ ಇನ್ನೊಂದು ಕಣ್ಣು ಮುಚ್ಚಿ ಮುಚ್ಚಿ ನೋಡಿದಳು. ಆಮೇಲೆ ತುಂಗಭದ್ರೆಯ ದಡ, ನೀರು ಕಡಿಮೆಯಿರುವ ತಿಂಗಳುಗಳಲ್ಲಿ ಮಾತ್ರ. ಮಳೆಗಾಲದಲ್ಲಿ ಆ ಹೊಳೆಯ ಬಳಿಗೆ ಮಕ್ಕಳನ್ನು ಬಿಡುವ ಮಾತೇ ಇಲ್ಲ.

ಎಲ್ಲಿಗೂ ಹೋಗಲಾಗದ ದಿನಗಳಿಗೆ ಊರಂಚಿನ ಕುಂದುವಾಡ ಕೆರೆಯಿದೆ. ಭದ್ರಾ ನಾಲೆಯ ನೀರು ಇಲ್ಲಿಗೆ ಬಂದು ಊರಿನ ನಲ್ಲಿಗಳಿಗೆ ಹೋಗುತ್ತದೆ ಎಂದು ತಿಳಿದ ದಿನದಿಂದ ಮಗಳು ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸುತ್ತಾಳೆ. ನಾನು ಹೇಳಿದ್ದರಿಂದ ಅಲ್ಲ, ಬೆಳ್ಳಕ್ಕಿಗೆ ನೀರು ಕಡಿಮೆಯಾದೀತು ಎಂಬ ಅವಳದೇ ಯೋಚನೆಯಿಂದ. ನಾವು ಕೋಟೆ ನೋಡಲು ಹೋಗುವ ಚಿತ್ರದುರ್ಗದ ಜನ ಕುಡಿಯುವುದೂ ನಮ್ಮ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ನೀರನ್ನು ಎಂದಾಗ, ಆ ಕೆರೆಯನ್ನೂ ನೋಡಬೇಕೆಂದು ಹಟ ಹಿಡಿದಿದ್ದಾಳೆ. ಸಂತೇಬೆನ್ನೂರಿನ ಪುಷ್ಕರಣಿಯನ್ನು ನಾನೇ ಮುಂದಕ್ಕೆ ಹಾಕುತ್ತಿದ್ದೇನೆ. ನೀರಿನ ನಡುವಿನ ಮಂಟಪ ಎಷ್ಟೇ ಸುಂದರವಾಗಿರಲಿ, ನಾಲ್ಕು ವರ್ಷದವನ ಕೈ ಬಿಡಲಾಗದ ಜಾಗ ಅದು.

ದುಡ್ಡಿಗೆ ಸಿಗುವುದು ಏನು

ಇಷ್ಟು ಹೇಳಿದ ಮೇಲೆ, ದುಡ್ಡು ಕೊಟ್ಟು ಹೋಗುವ ಜಾಗಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಏಪ್ರಿಲ್ ಮೇ ತಿಂಗಳ ಮಧ್ಯಾಹ್ನದಲ್ಲಿ ಎಳೆಯ ಮಗುವನ್ನು ಎತ್ತಿಕೊಂಡ ತಾಯಿ ಈ ಊರಿನಲ್ಲಿ ಎಲ್ಲಿಗೆ ಹೋಗಬೇಕು? ಆ ಪ್ಲೇ ಏರಿಯಾಗಳಲ್ಲಿ ಗಂಟೆಯ ಲೆಕ್ಕದಲ್ಲಿ ಮಾರುವುದು ಜಾರುಬಂಡಿಯನ್ನು ಎಂದು ನಾವು ತಿಳಿದಿದ್ದೇವೆ. ಸರಿಯಾಗಿ ನೋಡಿದರೆ ಅಲ್ಲಿ ನಾವು ಕೊಳ್ಳುವುದು ಮೂರು ವಸ್ತು: ತಂಪಾದ ನೆರಳು, ಶುಚಿಯಾದ ಶೌಚಾಲಯ, ಮಗು ರಸ್ತೆಗೆ ಓಡಿಹೋಗದಂಥ ಗೋಡೆ. ಆಟವನ್ನು ಮಕ್ಕಳು ಎಲ್ಲಿಯಾದರೂ ಹುಟ್ಟಿಸಿಕೊಳ್ಳುತ್ತಾರೆ. ಉಳಿದ ಈ ಮೂರನ್ನು ಅವರು ಹುಟ್ಟಿಸಿಕೊಳ್ಳಲಾರರು, ಹೆತ್ತವರು ಚೀಲದಲ್ಲಿ ಹೊತ್ತೊಯ್ಯಲೂ ಆಗುವುದಿಲ್ಲ.

ಹಾಗಾಗಿ ಬಿಟ್ಟಿ ಜಾಗಗಳಲ್ಲಿ ಒಂದು ಕುಟುಂಬ ಎಷ್ಟು ಹೊತ್ತು ಇರಬಲ್ಲದು ಎಂಬುದನ್ನು ಅಲ್ಲಿನ ಸೊಬಗು ನಿರ್ಧರಿಸುವುದಿಲ್ಲ; ಶೌಚಾಲಯ ನಿರ್ಧರಿಸುತ್ತದೆ. ಈ ಜಿಲ್ಲೆಯ ಒಂದು ಕೆರೆಯ ಬಳಿ ಹೊಸದಾಗಿ ಕಟ್ಟಿದ ಶೌಚಾಲಯಕ್ಕೆ ಭಾನುವಾರವೇ ಬೀಗ ಬಿದ್ದಿತ್ತು. ಬೀಗದ ಕೈ ಇದ್ದವರಿಗೆ ಅಂದು ರಜೆಯಂತೆ. ಗಂಡಸರು ಹೇಗೋ ಮರೆ ನೋಡಿಕೊಂಡರು. ಮಗನದೂ ಕಷ್ಟವಾಗಲಿಲ್ಲ. ಮಗಳು ಮಾತ್ರ ನನ್ನ ಸೆರಗು ಹಿಡಿದುಕೊಂಡು ಮೆಲ್ಲಗೆ, "ಮನೆಗೆ ಹೋಗಾಣ" ಎಂದಳು. ಅತ್ತೆ ಬೆಳಗ್ಗೆಯಿಂದ ನೀರನ್ನೇ ಕುಡಿದಿಲ್ಲವೆಂದು ನನಗೆ ತಿಳಿದದ್ದು ಆಗ. ಹೊರಗೆ ಹೋಗುವ ದಿನ ಅವರು ನೀರು ಕುಡಿಯುವುದೇ ಇಲ್ಲವಂತೆ. ನಮ್ಮಲ್ಲಿ ಎಷ್ಟು ಮನೆಗಳ ಹೆಂಗಸರು ಹೀಗೆಯೇ ಗಂಟಲು ಒಣಗಿಸಿಕೊಂಡು ಜಾತ್ರೆ, ಮದುವೆ, ಪ್ರವಾಸಗಳನ್ನು ಮುಗಿಸಿ ಬರುತ್ತಾರೆ! ಬಸ್ಸಿನ ಟಿಕೆಟ್ ಸೊನ್ನೆಯಾದ ಮೇಲೆ ಮನೆಯ ಹೊಸಿಲು ದಾಟಿದವರು ಇವರು. ಅವರನ್ನು ಕೆರೆಯ ದಂಡೆಯಿಂದ ಗಂಟೆಯೊಳಗೆ ತಿರುಗಿ ಕಳಿಸುತ್ತಿರುವುದು ಒಂದು ಬೀಗ ಎಂಬುದು ನನಗೆ ಸಹಿಸಲಾಗದ ಸಂಗತಿ.

ನಮ್ಮ ಬಡಾವಣೆಯ ಕೆಲವು ತಾಯಂದಿರು ಸೇರಿ ಈಗ ಒಂದು ಅರ್ಜಿ ಬರೆಯುತ್ತಿದ್ದೇವೆ. ಹೊಸ ಕಾರಂಜಿಯನ್ನಾಗಲಿ, ಬಣ್ಣದ ದೀಪಗಳನ್ನಾಗಲಿ, ಸೆಲ್ಫಿ ತೆಗೆದುಕೊಳ್ಳುವ ಅಕ್ಷರಗಳನ್ನಾಗಲಿ ಅದರಲ್ಲಿ ಕೇಳಿಲ್ಲ. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಕತ್ತಲಾಗುವ ತನಕ ಶೌಚಾಲಯ ತೆರೆದಿರಬೇಕು, ಅದನ್ನು ನೋಡಿಕೊಳ್ಳುವವರಿಗೆ ಆ ದಿನಗಳಿಗೆ ಹೆಚ್ಚಿನ ಕೂಲಿ ಸಲ್ಲಬೇಕು. ಒಂದು ನಲ್ಲಿ ಚಿಕ್ಕ ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿರಬೇಕು. ದಂಡೆಯ ಉದ್ದಕ್ಕೂ ಹೊಂಗೆಯೋ ಬೇವೋ ನೆಟ್ಟು, ಸಸಿ ಮೇಲೇಳುವ ತನಕ ನೀರು ಹಾಕುವ ಹೊಣೆಯನ್ನು ಯಾರಿಗಾದರೂ ವಹಿಸಬೇಕು. ರಸ್ತೆಯ ಕಡೆಗೆ ಮಗುವಿನ ಎದೆಯೆತ್ತರದ ಬೇಲಿ ಸಾಕು. ಅತ್ತೆಗೆ ಓದಿ ಹೇಳಿದಾಗ ಅವರು, ಕೂತು ಏಳಲು ಆಗದವರಿಗೆ ಹಿಡಿದುಕೊಳ್ಳಲು ಗೋಡೆಗೆ ಒಂದು ಕಬ್ಬಿಣದ ಸರಳು ಬೇಕೆಂದು ಸೇರಿಸಿಸಿದರು. ಸಹಿ ಹಾಕುವವರ ಪಟ್ಟಿಯಲ್ಲಿ ಮೊದಲ ಹೆಬ್ಬೆಟ್ಟು ಅವರದೇ.